ಶ್ರೇಯಾಂಕಕ್ಕಿಂತ ಹೊಂದಿಕೆ ಮುಖ್ಯ
ಶ್ರೇಯಾಂಕ ಪಟ್ಟಿಯಲ್ಲಿ ಮೇಲಿರುವ ಕಾಲೇಜನ್ನೇ ಆರಿಸಬೇಕೆಂದು ಲೇಖನವೊಂದು ನೀಡಿದ ಸಲಹೆಯನ್ನು ನಾನು ಒಪ್ಪಲಾರೆ. ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರತಿಷ್ಠಿತ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೂ ಅಷ್ಟು ಹೆಸರಿಲ್ಲದ ಕಡೆ ಓದಿದವರ ಸಂಪಾದನೆ, ಪ್ರತಿಷ್ಠಿತ ಕಾಲೇಜುಗಳಲ್ಲೇ ಓದಿದ ಸಮಾನ ಸಾಮರ್ಥ್ಯದವರದ್ದಕ್ಕಿಂತ ಸರಾಸರಿಯಲ್ಲಿ ಕಡಿಮೆಯಿರಲಿಲ್ಲ. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಹೆಸರಾಂತ ಕಾಲೇಜು ಹೆಚ್ಚು ನೆರವಾಗಿತ್ತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಪಟ್ಟಿಗಳು ಬಹುಮಟ್ಟಿಗೆ ಸಂಶೋಧನಾ ಪ್ರಕಟಣೆ, ಖ್ಯಾತಿಗಳನ್ನು ಅಳೆಯುತ್ತವೆಯೇ ಹೊರತು, ಮೊದಲ ವರ್ಷದವರಿಗೆ ಯಾರು ಪಾಠ ಮಾಡುತ್ತಾರೆ, ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಕೈಗೆ ಉಪಕರಣ ಸಿಗುತ್ತದೆಯೇ, ಆರಿಸಿಕೊಂಡ ವಿಷಯ ಹಿಡಿಸದಿದ್ದರೆ ಬದಲಿಸಲು ಅವಕಾಶವಿದೆಯೇ ಎಂಬುದನ್ನು ತಿಳಿಸುವುದಿಲ್ಲ. ದಾಖಲಾಗುವ ಮುನ್ನ ಸಾಧ್ಯವಾದರೆ ಒಂದು ದಿನ ತರಗತಿಯಲ್ಲಿ ಕುಳಿತು, ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಈ ಪ್ರಶ್ನೆಗಳನ್ನೇ ಕೇಳಬೇಕು.