ಗುರುಗಳಿಗೊಂದು ನೇರಳೆ ಪೆನ್ನು

ನಮ್ಮ ಕಾಲೇಜು ಮೇಷ್ಟ್ರುಗಳಿಗೆ ಸಂವಿಧಾನ ಕೊಟ್ಟಿರುವ ಮರ್ಯಾದೆಯಲ್ಲಿ ಅರ್ಧದಷ್ಟನ್ನೂ ಅವರ ವಿಶ್ವವಿದ್ಯಾಲಯ ಕೊಟ್ಟಿಲ್ಲ. ಸುಮ್ನೆ ಹೇಳುತ್ತಿಲ್ಲ. 171ನೇ ವಿಧಿ ತೆಗೆದು ನೋಡಿ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರಿಗೆಂದೇ ಸೀಟು ಇಟ್ಟಿದ್ದಾರೆ. ರೈತರಿಗೆ ಇಲ್ಲ, ನರ್ಸ್‌ಗಳಿಗೆ ಇಲ್ಲ, ಬಸ್ ಕಂಡಕ್ಟರಿಗೂ ಇಲ್ಲ. ನಮ್ಮ ಪರಿಷತ್ತಿನ 75 ಸೀಟುಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿಸಿ ಒಂದು ವಾಯವ್ಯ ಶಿಕ್ಷಕರ ಕ್ಷೇತ್ರ. 2022ರ ಜೂನ್‌ನಲ್ಲಿ ಅದಕ್ಕೆ ಚುನಾವಣೆ ನಡೆಯಿತು.

ಆ ದಿನಗಳಲ್ಲಿ ಮೇಷ್ಟ್ರುಗಳ ಗತ್ತು ನೋಡಬೇಕು. ಮುಂದೆ ಬಂದರೂ ಗುರುತು ಹಿಡಿಯದವರು ಸ್ಟಾಫ್ ರೂಮಿಗೇ ಬಂದು ಕಾಲಿಗೆ ಬೀಳುತ್ತಾರೆ. 'ಗುರುಗಳೇ' ಅಂತ ಮೊಬೈಲಿಗೆ ಮೆಸೇಜು ಬರುತ್ತದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಮಲಗುವ ಮುಂಚೆ ಒಂದು. ಮತಗಟ್ಟೆಯೊಳಗೆ ಹೋದರೆ ಚುನಾವಣಾ ಆಯೋಗದವರೇ ಕೈಗೆ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಅದರಲ್ಲೇ ಬರೆಯಬೇಕು, ಬೇರೆ ಪೆನ್ನು ಮುಟ್ಟುವಂತಿಲ್ಲ. ಇಷ್ಟವಾದವರ ಮುಂದೆ 1, ಆಮೇಲೆ ಬೇಕಿದ್ದರೆ 2, 3. ಇಷ್ಟೇ ಪರೀಕ್ಷೆ. ಇದರಲ್ಲೂ ಕೆಲವರು ಟಿಕ್ ಹೊಡೆದು ಬರುತ್ತಾರೆ, ಕೆಲವರು ಕೆಳಗೆ ಸಹಿ ಬೇರೆ ಹಾಕುತ್ತಾರೆ. ಮತ ತಿರಸ್ಕೃತ! ಪ್ರಶ್ನೆ ಸಂಖ್ಯೆ ಬರೆದಿಲ್ಲ ಅಂತ ಹುಡುಗರಿಗೆ ಸೊನ್ನೆ ಹಾಕುವ ಕೈ ಅದೇ ಅಲ್ವಾ?

ಇರಲಿ. ತಮಾಷೆ ಏನೆಂದರೆ, ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಲು ಶಿಕ್ಷಕರಾಗಿರಬೇಕು. ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷವಾದರೂ ಪಾಠ ಮಾಡಿರಬೇಕು. ನಿಲ್ಲಲು ಮಾತ್ರ ಅದ್ಯಾವುದೂ ಬೇಡ. ವಯಸ್ಸು 30 ಆಗಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಗುತ್ತಿಗೆದಾರರಾದರೂ ನಡೆಯುತ್ತದೆ. ಚಾಕ್‌ಪೀಸ್ ಹಿಡಿದು ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಈಗ ವಿಶ್ವವಿದ್ಯಾಲಯದ ಕಡೆ ಬನ್ನಿ. ರಾಜ್ಯದ 1976ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ಸೆನೆಟ್ ಅಂತ ಒಂದು ದೊಡ್ಡ ಸಭೆಯಿತ್ತು. ಅಲ್ಲಿ ಗಲಾಟೆ ಜಾಸ್ತಿ, ರಾಜಕೀಯ ಜಾಸ್ತಿ ಅಂತ ದೂರುವವರೂ ಇದ್ದರು. 2000ದ ಕಾಯ್ದೆ ಬಂತು, ಸೆನೆಟ್ ಹೋಯಿತು. ಈಗ ಎಲ್ಲ ಕೀಲಿಕೈ ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಹತ್ತಿರ. ಅಲ್ಲಿ ಕೂರುವವರು ಹುದ್ದೆಯ ಬಲದಿಂದ ಬಂದವರು, ಇಲ್ಲವೇ ನಾಮನಿರ್ದೇಶನದಿಂದ ಬಂದವರು. ಆರು ಮಂದಿಯನ್ನು ಸರ್ಕಾರವೇ ಕಳಿಸುತ್ತದೆ. ಸರ್ಕಾರ ಬದಲಾದರೆ ಆ ಆರು ಮಂದಿಯೂ ಬದಲಾಗುವುದು ರೂಢಿ. ಗಲಾಟೆ ನಿಂತಿತು. ರಾಜಕೀಯ ನಿಂತಿತೋ ಇಲ್ಲವೋ, ನಮ್ಮ ಬೆಳಗಾವಿಯ ಚನ್ನಮ್ಮ ಸರ್ಕಲ್ಲಿನ ಫ್ಲೆಕ್ಸುಗಳನ್ನು ಕೇಳಿ. 'ಸಿಂಡಿಕೇಟ್ ಸದಸ್ಯರಾಗಿ ನೇಮಕಗೊಂಡ ಹಿರಿಯ ಶಿಕ್ಷಣ ತಜ್ಞರಿಗೆ ಹಾರ್ದಿಕ ಅಭಿನಂದನೆಗಳು'. ಮೇಲೆ ಪಕ್ಷದ ನಾಯಕರು, ನಡುವೆ ತಜ್ಞರು ಕೈ ಮುಗಿದುಕೊಂಡು, ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ಆ ಸಾಲಿನಲ್ಲಿ ಒಬ್ಬ ಮೇಷ್ಟ್ರ ಮುಖ ಹುಡುಕಿ ತೋರಿಸಿ, ಕುಂದಾ ಕೊಡಿಸುತ್ತೇನೆ.

ಒಟ್ಟು ಲೆಕ್ಕ ಹೀಗಾಯಿತು. ಪರಿಷತ್ತಿಗೆ ಆರಿಸಿ ಹೋಗುವವರು ಶಿಕ್ಷಕರಾಗಿರಬೇಕಿಲ್ಲ. ಸಿಂಡಿಕೇಟಿನಲ್ಲಿ ಶಿಕ್ಷಕರು ಅಂತ ಕೂರುವವರನ್ನು ಶಿಕ್ಷಕರು ಆರಿಸಿರಬೇಕಿಲ್ಲ. ರಾಜ್ಯದ ಕಾನೂನು ಮಾಡುವವರನ್ನು ಆರಿಸುವಷ್ಟು ಬುದ್ಧಿ ಮೇಷ್ಟ್ರಿಗೆ ಇದೆ. ತಮ್ಮ ಬಡ್ತಿ, ತಮ್ಮ ಪರೀಕ್ಷೆಯ ತೀರ್ಮಾನ ಮಾಡುವ ಕೋಣೆಗೆ ಒಬ್ಬರನ್ನು ಆರಿಸುವಷ್ಟು ಇಲ್ಲ!

ಬೆಳಗಾವಿಯಲ್ಲಿ ಕೂತು ಮಹಾರಾಷ್ಟ್ರವನ್ನು ಹೊಗಳುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ಗೊತ್ತು. ಆದರೂ ಹೇಳಲೇಬೇಕು. ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಅಲ್ಲಿನ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಸೆನೆಟ್ ಇನ್ನೂ ಇದೆ. 2016ರ ಅವರ ಕಾಯ್ದೆಯ ಪ್ರಕಾರ ಶಿಕ್ಷಕರು ಮತ ಹಾಕಿ ತಮ್ಮವರನ್ನೇ ಕಳಿಸುತ್ತಾರೆ. ಅಲ್ಲೂ ಪ್ಯಾನೆಲ್ಲು, ಗುಂಪು, ಜಗಳ ಎಲ್ಲ ಉಂಟು. ಆದರೆ ಜಗಳ ಅವರದೇ. ಗಡಿ ವಿಷಯಕ್ಕೆ ಇಷ್ಟು ವರ್ಷ ಬಡಿದಾಡಿದೆವು, ಆ ಕಡೆಯಿಂದ ಇದೊಂದನ್ನು ಕೇಳುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಡೆಯ ಯಾವುದೋ ಒಂದು ವಿವಿಯ ಸಿಂಡಿಕೇಟ್ ಸಭೆ ಅಂದುಕೊಳ್ಳಿ. ಹೆಸರು ಬೇಡ, ಕಟ್ಟುಕಥೆಗೆ ಹೆಸರೇಕೆ. ಉದ್ದನೆಯ ಮೇಜು, ಹಲ್ಲಿಗೆ ಅಂಟುವಷ್ಟು ಮೆತ್ತಗಾದ ಗೋಡಂಬಿ, ಒಬ್ಬೊಬ್ಬರ ಮುಂದೆ ಒಂದೊಂದು ದಪ್ಪ ಫೈಲು. ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿ ದೃಢೀಕರಣ. ಎಲ್ಲರೂ ದೃಢೀಕರಿಸುತ್ತಾರೆ, ಹಿಂದಿನ ಸಭೆಗೆ ಬಾರದವರೂ. ಆಮೇಲೆ ಕಾಂಪೌಂಡ್ ಗೋಡೆಯ ಟೆಂಡರು. ಶಿಕ್ಷಣ ತಜ್ಞರೆಲ್ಲ ಒಮ್ಮೆಲೇ ಎಚ್ಚರಾಗುತ್ತಾರೆ. ಇಟ್ಟಿಗೆ, ಸಿಮೆಂಟು, ಕಬ್ಬಿಣದ ದರ ಎಲ್ಲ ಅವರಿಗೆ ಬಾಯಿಪಾಠ. ಗೋಡೆ ಎದ್ದು ನಿಲ್ಲಲು ಒಂದು ತಾಸು ಬೇಕಾಗುತ್ತದೆ. ನಂತರ ಮೌಲ್ಯಮಾಪನದ ಸಂಭಾವನೆ. ಕುಲಪತಿಗಳು ಡೀನ್ ಕಡೆ ತಿರುಗುತ್ತಾರೆ.

"ಡೀನ್ ಸಾಹೇಬ್ರ, ಶಿಕ್ಷಕರ ಪರವಾಗಿ ಏನರ ಹೇಳೋದೈತೇನ್ರೀ?"

"ಏನಿಲ್ರೀ ಸರ್. ತಾವು ಹೇಳಿದ್ರಲ್ಲ, ಅದ ಖರೇ ಐತ್ರಿ."

ಕುಲಪತಿಗಳು ಅಲ್ಲಿಯವರೆಗೆ ಏನೂ ಹೇಳಿರುವುದಿಲ್ಲ.

ಡೀನರನ್ನು ಬೈಯುವುದು ಸುಲಭ. ನನಗೆ ಅವರ ಮೇಲೆ ಸಿಟ್ಟಿಲ್ಲ. ಸರದಿ ಬಂತು, ಕೂತರು. ಯಾರೂ ಆರಿಸಿ ಕಳಿಸಿಲ್ಲ, ಆದ್ದರಿಂದ ತಿರುಗಿ ಹೋಗಿ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಅವರ ಒಂದು ಫೈಲು ಮಾತ್ರ ಕುಲಪತಿಗಳ ಮೇಜಿನ ಮೇಲೆ ಸಹಿಗಾಗಿ ಕಾದಿದೆ.

ಇನ್ನು ಅತಿಥಿ ಉಪನ್ಯಾಸಕರು. ಅರ್ಧಕ್ಕರ್ಧ ತರಗತಿಗಳನ್ನು ಅವರೇ ನಡೆಸುವ ಕಾಲೇಜುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೆ ಸರದಿಯೂ ಇಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ಶುರುವಾದರೆ ಕೊಂಡಸಕೊಪ್ಪದ ಪ್ರತಿಭಟನೆಯ ಟೆಂಟು, ಒಂದು ಬ್ಯಾನರು, ಒಂದು ಮೈಕು. ಸಂಜೆ ಹೊತ್ತಿಗೆ ಯಾರಾದರೂ ಸಚಿವರು ಬಂದು ಮನವಿ ಸ್ವೀಕರಿಸುತ್ತಾರೆ, ಫೋಟೋ ಆಗುತ್ತದೆ. ಮನವಿ ಇಲಾಖೆಗೆ ಹೋಗುತ್ತದೆ. ಇಲಾಖೆ 'ಅಭಿಪ್ರಾಯ ತಿಳಿಸಿ' ಅಂತ ವಿವಿಗೆ ಕಳಿಸುತ್ತದೆ. ಕುಲಸಚಿವರು ಅದನ್ನು 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು' ಅನ್ನುವ ಕಟ್ಟಕಡೆಯ ಸಾಲಿಗೆ ಸೇರಿಸುತ್ತಾರೆ.

ಅಷ್ಟು ಹೊತ್ತಿಗೆ ಒಂದೂವರೆ. ಕುಲಸಚಿವರು ಮನವಿಯ ಮೊದಲ ಸಾಲು ಓದಲು ಶುರು ಮಾಡುತ್ತಾರೆ. ಆಗ ಡೀನ್ ಸಾಹೇಬರು ಅಂದಿನ ಸಭೆಯಲ್ಲಿ ಮೊದಲ ಸಲ ತಾವಾಗಿಯೇ ಬಾಯಿ ಬಿಡುತ್ತಾರೆ.

"ಸರ್, ಊಟ ಆರಾಕತ್ತೈತ್ರಿ."

ಸರ್ವಾನುಮತ.