ಓಟದ ಕೊನೆಗೊಂದು ಬೇಕರಿ

"ಟೀಚರ್, ಓಡಿದ್ದೆಲ್ಲ ದಂಡವಾಯಿತಲ್ಲ!" ಕಳೆದ ಭಾನುವಾರ ಬೇಕರಿಯ ಮುಂದೆ ಪ್ಲಮ್ ಕೇಕ್ ತಿನ್ನುತ್ತಿದ್ದ ನನ್ನನ್ನು ಕಂಡು ಪರಿಚಯದವರೊಬ್ಬರು ಹೀಗೆಂದರು. ಆ ಮಾತು ಇನ್ನೂ ಮನಸ್ಸಿನಲ್ಲಿ ಕುಳಿತಿದೆ.

ಅವರ ಲೆಕ್ಕ ನನಗೂ ಗೊತ್ತು. 60 ಕಿಲೋ ತೂಕದವರು ಒಂದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು 60 ಕ್ಯಾಲೊರಿ. ಒಳ್ಳೆಯ ದಪ್ಪ ತುಂಡು ಪ್ಲಮ್ ಕೇಕಿನಲ್ಲಿ 300ಕ್ಕೂ ಹೆಚ್ಚು ಇರುತ್ತದೆ. ಐದು ಕಿಲೋಮೀಟರ್ ಓಟ ಒಂದೇ ತುಂಡಿಗೆ ಮುಗಿಯಿತು. ಆದರೆ ಕೇಕನ್ನು ಪಾಪವೆಂದೂ ಓಟವನ್ನು ಪ್ರಾಯಶ್ಚಿತ್ತವೆಂದೂ ಕಂಡು ನನ್ನ ಜೊತೆ ಓಡಲು ಬಂದವರಲ್ಲಿ ಒಬ್ಬರೂ ಎರಡು ತಿಂಗಳು ಉಳಿಯಲಿಲ್ಲ. ಶಿಕ್ಷೆಯನ್ನು ಯಾರು ತಾನೇ ಇಷ್ಟಪಟ್ಟು ಅನುಭವಿಸುತ್ತಾರೆ? (ಸಕ್ಕರೆ ಕಾಯಿಲೆ ಇರುವವರ ವಿಷಯ ಬೇರೆ, ಅವರು ವೈದ್ಯರ ಮಾತು ಕೇಳಲಿ.)

ನನ್ನ ದಾರಿ ಕಾಸರಗೋಡಿನ ವಿದ್ಯಾನಗರದಿಂದ ನುಳ್ಳಿಪ್ಪಾಡಿ, ಹೊಸ ಬಸ್ ನಿಲ್ದಾಣ, ಅಲ್ಲಿಂದ ಪೇಟೆ ದಾಟಿ ನೆಲ್ಲಿಕುಂಜೆಯ ಕಡಲತೀರ. ಹೆದ್ದಾರಿಯನ್ನು ಆದಷ್ಟು ಬಿಟ್ಟು ಒಳದಾರಿ ಹಿಡಿಯುತ್ತೇನೆ. ಇಪ್ಪತ್ತು ವರ್ಷ ಈ ಊರಿನಲ್ಲಿ ಬಸ್ಸಿನಲ್ಲೇ ಓಡಾಡಿದವಳಿಗೆ ಯಾವ ಬೇಕರಿಯ ಹಿಂಬದಿಯಲ್ಲಿ ಒಲೆ ಇದೆ, ಎಷ್ಟು ಹೊತ್ತಿಗೆ ಬ್ರೆಡ್ ಹೊರಬರುತ್ತದೆ ಎಂಬುದು ತಿಳಿದದ್ದು ಓಡಲು ತೊಡಗಿದ ಮೇಲೆ. ಒಂದು ತಿರುವಿನಲ್ಲಿ ಬಿಸಿ ಬ್ರೆಡ್ಡಿನ ಪರಿಮಳವೂ ಕಡಲ ಕಡೆಯಿಂದ ಬರುವ ಮೀನಿನ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಆ ತಿರುವು ಬಂದರೆ ಕಾಲಿನ ನೋವು ಮರೆತೇ ಹೋಗುತ್ತದೆ.

ಬೇಕರಿಯ ಕಟ್ಟೆಯಲ್ಲಿ ಕುಳಿತರೆ ಇನ್ನೊಂದು ಸುಖ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅಂಗಡಿಯವರು ಮಲಯಾಳದಲ್ಲಿ ಉತ್ತರಿಸುತ್ತಾರೆ, ಪಕ್ಕದಲ್ಲಿ ರಸ್ಕ್ ಕಟ್ಟಿಸಿಕೊಳ್ಳುವ ಅಜ್ಜ ತುಳುವಿನಲ್ಲಿ ಚಿಲ್ಲರೆ ಎಣಿಸುತ್ತಾರೆ. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದನ್ನು ಕಿವಿಯಾರೆ ಕೇಳುವುದು ಇಲ್ಲಿ, ಬೆಳಗಿನ ಏಳು ಗಂಟೆಗೆ.

ಹೋದ ಡಿಸೆಂಬರಿನಲ್ಲಿ ರೈಲು ಹತ್ತಿ ತಲಶ್ಶೇರಿಗೆ ಹೋಗಿ ಓಡಿದೆ. 1708ರ ಕೋಟೆಯನ್ನು ಸುತ್ತಿ, ಕಡಲ ಬದಿಯಲ್ಲಿ ಸಾಗಿ, ಕೊನೆಗೆ ಕೇಕ್. ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸ ಕಲಿತು ಬಂದಿದ್ದ ಮಾಂಬಳ್ಳಿ ಬಾಪು ಅವರು 1883ರ ಕ್ರಿಸ್‌ಮಸ್ಸಿಗೆ ಕೇಕ್ ಸುಟ್ಟದ್ದು ಇದೇ ಊರಿನಲ್ಲಿ. ತೋಟದ ಸಾಹೇಬ ಮರ್ಡಾಕ್ ಬ್ರೌನ್ ಇಂಗ್ಲೆಂಡಿನಿಂದ ತಂದ ಕೇಕನ್ನು ರುಚಿ ನೋಡಿ, ಅಂಥದ್ದನ್ನೇ ಮಾಡಿಕೊಟ್ಟರಂತೆ. ಸಾಹೇಬ ಫ್ರೆಂಚ್ ಬ್ರಾಂದಿ ಹಾಕು ಎಂದಿದ್ದರೂ ಬಾಪು ಊರಿನದೇ ಮದ್ಯ ಬೆರೆಸಿದರು ಎನ್ನುವುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಆ ಬೀದಿಗಳಲ್ಲಿ ಓಡಿ ದಣಿದು ತಿಂದ ತುಂಡಿನ ರುಚಿ, ಕಾರಿನಲ್ಲಿ ಹೋಗಿ ಪೆಟ್ಟಿಗೆ ಕಟ್ಟಿಸಿಕೊಂಡು ಬಂದವರಿಗೆ ಸಿಗಲಾರದು ಎಂದು ಧೈರ್ಯವಾಗಿ ಹೇಳುತ್ತೇನೆ.

ಬರುವ ಭಾನುವಾರ ಕೇಕ್ ಇಲ್ಲ. ಉಳಿಯತ್ತಡ್ಕದ ದಾರಿಯಾಗಿ ಮಧೂರಿಗೆ ಓಟ, ಪೇಟೆಯಿಂದ ಸುಮಾರು 8 ಕಿಲೋಮೀಟರ್. ಮಧುವಾಹಿನಿಯಲ್ಲಿ ಕಾಲು ತೊಳೆದು, ಗಣಪತಿಗೆ ಕೈಮುಗಿದು, ಅಪ್ಪದ ಪ್ರಸಾದ ತಿಂದು, ಬಸ್ಸಿನಲ್ಲಿ ವಾಪಸು. ದಂಡವಾಯಿತೆಂದವರನ್ನೂ ಕರೆದಿದ್ದೇನೆ. ಬರುವವರು ಐದೂವರೆಗೆ ಹೊಸ ಬಸ್ ನಿಲ್ದಾಣದ ಎದುರು ಸಿಗಿ.