ಸ್ವಲ್ಪ ಎಡಕ್ಕೆ ಸರಿಯಬಾರದಾ?

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳಿಲ್ಲ. ಓಡುವವರಿಗೆ ಅದೇ ಹಬ್ಬ. 5 ಕಿಲೋಮೀಟರನ್ನು 30 ನಿಮಿಷದೊಳಗೆ ಮುಗಿಸಬೇಕೆಂದು ಮೂರು ತಿಂಗಳಿಂದ ಒದ್ದಾಡುತ್ತಿದ್ದೇನೆ. ದಟ್ಟ ಮರಗಳ ಕೆಳಗೆ ವಾಚಿನ ಜಿಪಿಎಸ್ ಆಗಾಗ ತಪ್ಪುತ್ತದೆ. ಇರಲಿ, ಆ ನೆರಳಿಗಾಗಿಯೇ ಅಲ್ವಾ ಅಲ್ಲಿಗೆ ಹೋಗೋದು.

ಈ ಸಲ ಕೆಂಪು ಲೈಬ್ರರಿ ಕಟ್ಟಡ ದಾಟುವಾಗ ಲೆಕ್ಕ ಸರಿಯಾಗಿತ್ತು. ತಿರುವಿನಲ್ಲಿ ನೋಡಿದರೆ ಐದು ಜನ, ರಸ್ತೆಯಗಲಕ್ಕೂ ಸಾಲಾಗಿ, ಹರಟೆ ಹೊಡೆಯುತ್ತಾ! "ಸ್ವಲ್ಪ ದಾರಿ ಬಿಡಿ" ಎಂದು ಎರಡು ಸಲ ಕೂಗಿದೆ. ಯಾರೂ ತಿರುಗಲಿಲ್ಲ. ಪಕ್ಕದ ಮಣ್ಣಿಗಿಳಿದೆ. ಬಿದಿರಿನ ಒಣ ಎಲೆಯ ಮೇಲೆ ಕಾಲು ಜಾರಿತು. ಬೀಳಲಿಲ್ಲ, ಆದರೆ ಉಸಿರಿನ ಲಯವೇ ಹೋಯಿತು.

30 ನಿಮಿಷ 9 ಸೆಕೆಂಡು.

ಪಾರ್ಕು ಎಲ್ಲರದ್ದೂ ಹೌದು. ಆರಾಮಾಗಿ ನಡೆಯಿರಿ, ಮಾತಾಡಿ. ಒಬ್ಬರು ಹೋಗುವಷ್ಟು ಜಾಗ ಬಿಡಿ ಅಂತಷ್ಟೇ ಕೇಳುತ್ತಿದ್ದೇನೆ.